ಹಸಿವಿಗೊಂದು ಪ್ರಮಾಣಪತ್ರ

(ಬೆಳಗಾವಿಯಿಂದ ಖಾನಾಪುರಕ್ಕೆ ಹೊರಟ ಬಸ್ಸು. ಏಪ್ರಿಲ್ ಬಿಸಿಲು. ಸಾಹೇಬರ ತೊಡೆ ಮೇಲೆ ಕುಂದಾ ಡಬ್ಬಿ, ಪಕ್ಕದಲ್ಲಿ ಬಿಸಿಯೂಟದ ಅಡುಗೆಯಾಕೆ.)

ಅಡುಗೆಯಾಕೆ: ಸಾಹೇಬ್ರ, ಸಾಲಿ ಸೂಟಿ ಬಿದ್ದತಿ. ಹುಡುಗರು ಅಡುಗಿಮನಿ ಬಾಗಲಾ ಬಡದು ಹೊಳ್ಳಿ ಹೊಂಟಾವ.

ಸಾಹೇಬ: ಬರ ಘೋಷಣೆ ಆಗ್ಬೇಕಮ್ಮ. ಬರಪೀಡಿತ ಪ್ರದೇಶದಲ್ಲಿ ಬೇಸಿಗೆ ರಜೆಯಲ್ಲೂ ಊಟ ಕೊಡಿ ಅಂತ 2004ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. 2024ರಲ್ಲಿ ನೋಡಿ, ರಾಜ್ಯದ 223 ತಾಲ್ಲೂಕಿನಲ್ಲಿ ಬರ, ರಜೆಯಲ್ಲೂ ಊಟ. ಎಂಥ ಸುಯೋಗ!

ಅಡುಗೆಯಾಕೆ: ಈ ಸಲಾ?

ಸಾಹೇಬ: ಈ ಸಲ ದುರದೃಷ್ಟ, ಮಳೆ ಚೆನ್ನಾಗಿ ಆಯ್ತು. ಕಣಕುಂಬಿಯಿಂದಲೇ ಮಲಪ್ರಭೆ ತುಂಬಿ ಹರಿದಳು.

ಅಡುಗೆಯಾಕೆ: ಮಳಿ ಬಿದ್ದದ್ದು ಜುಲೈದಾಗ್ರಿ. ಹೊಟ್ಟಿ ಹಸದದ್ದು ಇವತ್ತ.

ಸಾಹೇಬ: ಫೈಲಿನಲ್ಲಿ ಮಿಲಿಮೀಟರಿಗೆ ಕಾಲಂ ಇದೆ, ಹೊಟ್ಟೆಗಿಲ್ಲ.

(ಸಾಹೇಬರು ಕೆಟ್ಟವರಲ್ಲ. ಬೇರೆ ಅಳತೆ ಅವರಿಗೆ ಯಾರೂ ಕಲಿಸಿಲ್ಲ, ಅಷ್ಟೇ.)

ಸಾಹೇಬ: ರಜೆಯಲ್ಲಿ ಮಕ್ಕಳು ಅಜ್ಜಿ ಮನೆಗೆ ಹೋಗಿ ಹೋಳಿಗೆ ತಿಂತಾವೆ ಬಿಡಿ.

ಅಡುಗೆಯಾಕೆ: ಇವರ ಅಜ್ಜಿ ಅವ್ವನ ಜೋಡಿ ಇಟ್ಟಂಗಿ ಭಟ್ಟಿಗೆ ಹೋಗ್ಯಾಳ್ರಿ. ಮುಂಜಾನೆ ಬುತ್ತಿ ಕಟ್ಟಿದ್ರ, ಮನ್ಯಾಗ ಉಳಿಯೂದು ತಳದ ಸೀಕು.

ಸಾಹೇಬ: (ಕುಂದಾ ಬಾಯಿಗಿಟ್ಟು) ಬಿಸಿಲಿಗೆ ಹಸಿವೂ ಕಡಿಮೆ ಅಲ್ವಾ?

ಅಡುಗೆಯಾಕೆ: ಹೌದ್ರಿ, ನಿಮ್ಮನ್ನ ನೋಡಿದ್ರ ಗೊತ್ತಾಕ್ಕತಿ.

ಸಾಹೇಬ: ನಿಮಗೇನು ಚಿಂತೆ? ನಿಮಗೂ ರಜೆ ತಾನೇ?

ಅಡುಗೆಯಾಕೆ: ರಜಾ ಖರೇ. ಗೌರವಧನಕ್ಕೂ ರಜಾ. ಬರ ಇರಲಿ ಬಿಡಲಿ, ಅಕ್ಕಿ ಬ್ಯಾಳಿ ಕಳಸ್ರಿ, ನಮಗ ಕೂಲಿ ಕೊಡ್ರಿ. ಒಲಿ ನಾವು ಹಚ್ಚತೇವಿ.