‘ನೀವೇ ಹೇಳಿ’ ರಾಯರು

ರಾಯರು ಜೀವಮಾನದಲ್ಲಿ ಏನನ್ನೂ ಕೊಂಡವರಲ್ಲ. ಮನೆಯಲ್ಲಿರುವ ಸೋಫಾ, ಫ್ರಿಜ್ಜು, ಕಡೆಗೆ ಡಬ್ಬಿಯಲ್ಲಿರುವ ಹುಣಸೆಹಣ್ಣು ಕೂಡ ಯಾರೋ ಅವರ ತಲೆಗೆ ಕಟ್ಟಿದ್ದು. ಚೌಕಾಸಿ ಮಾಡಿದ್ದು ಅವರೇ, ನೋಟು ಎಣಿಸಿ ಕೊಟ್ಟದ್ದೂ ಅವರೇ. ಕೊಂಡದ್ದು ಮಾತ್ರ ಅವರಲ್ಲ.

ಅಂಗಡಿಯ ಮೆಟ್ಟಿಲು ಹತ್ತುತ್ತಲೇ, ‘ನಂಗಿದೆಲ್ಲ ಗೊತ್ತಾಗಲ್ಲಪ್ಪ, ನೀವೇ ಹೇಳಿ, ಯಾವುದು ಒಳ್ಳೇದು?’ ಎನ್ನುತ್ತಾರೆ. ಹೊಸ ಅಂಗಡಿಯವನಿಗೆ ಹಿಗ್ಗೋ ಹಿಗ್ಗು. ಇಷ್ಟು ನಂಬುವ ಗಿರಾಕಿ ಈ ಕಾಲದಲ್ಲಿ ಎಲ್ಲಿ ಸಿಕ್ಕಾರು! ಹಳಬರಾದರೆ ಆ ಮಾತು ಕಿವಿಗೆ ಬಿದ್ದೊಡನೆ ಗಲ್ಲಾ ಬಿಟ್ಟು ಕಾಫಿಗೆ ಹೊರಡುತ್ತಾರೆ.

ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ, ‘ಈ ಬಣ್ಣ ನಮ್ಮನೆಯವರಿಗೆ ಒಪ್ಪುತ್ತಾ?’ ಎಂದು ಕೇಳಿದರು. ಮನೆಯವರನ್ನು ಹುಡುಗ ಕನಸಲ್ಲೂ ಕಂಡವನಲ್ಲ. ‘ಸಖತ್ತಾಗಿ ಒಪ್ಪುತ್ತೆ ಸಾರ್’ ಎನ್ನದೆ ಪಾಪ ಇನ್ನೇನು ಅಂದಾನು? ಮರುದಿನ ಸೀರೆ ವಾಪಸ್: ‘ನಿಮ್ಮ ಹುಡುಗಾನೇ ಒಪ್ಪುತ್ತೆ ಅಂದಿದ್ದು!’ ಮಾವಿನಹಣ್ಣಿನವನ ಹತ್ತಿರವೂ ಅದೇ ರಾಗ. ಹುಳಿ ಎಂದು ಸಾರಿ ಬಾದಾಮಿ ಮಾರಿದವನನ್ನು ನಾನಂತೂ ಕಂಡಿಲ್ಲ. ಅವನು ಹೋಳು ಕೊಯ್ದು ಚಾಚಿದರೆ ರಾಯರು ಮುಟ್ಟುವುದಿಲ್ಲ. ‘ಬೇಡಪ್ಪ, ನಿನ್ನ ಮಾತೇ ಸಾಕು.’

ಬಲೇ ಚತುರರು! 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮಿನ ಪ್ರಕಾರ, ಸರಕು ತನ್ನ ಕೆಲಸಕ್ಕೆ ಒದಗುತ್ತದೋ ಇಲ್ಲವೋ ನೋಡಿಕೊಳ್ಳಬೇಕಾದವನು ಸಾಮಾನ್ಯವಾಗಿ ಕೊಳ್ಳುವವನೇ. ಆದರೆ ಇಂಥದ್ದಕ್ಕೆ ಬೇಕು ಎಂದು ತಿಳಿಸಿ, ಆ ಸರಕಿನ ವ್ಯಾಪಾರಿಯ ತಿಳಿವಳಿಕೆಯನ್ನೇ ನಂಬಿ ಕೊಂಡರೆ ಹೊಣೆ ಅವನ ಹೆಗಲಿಗೆ. ಪರೀಕ್ಷಿಸಿ ಕೊಂಡಿರೋ, ಆಗಲೇ ಕಣ್ಣಿಗೆ ಬೀಳಬೇಕಿದ್ದ ದೋಷಕ್ಕೆ ಆಮೇಲೆ ತಕರಾರು ನಡೆಯದು. ರಾಯರು ಲಾ ಓದಿದವರಲ್ಲ. ಆದರೂ ಆ ಕಲಮನ್ನು ಅವರಷ್ಟು ನಿಷ್ಠೆಯಿಂದ ಆಚರಿಸುವವರು ಹೈಕೋರ್ಟಿನ ಆವರಣದಲ್ಲೂ ಸಿಗಲಿಕ್ಕಿಲ್ಲ.

ನಿಜಕ್ಕೂ ಮೋಸಹೋದವರು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇರುವುದೇ ಅದಕ್ಕೆ. ಆದರೆ ‘ಸೋಫಾ ನಮ್ಮ ಬಾಗಿಲಲ್ಲಿ ಹಿಡಿಯಲಿಲ್ಲ’ ಎಂಬ ದೂರಿಗೆ ಯಾವ ಆಯೋಗ ತಾನೇ ಏನು ಮಾಡೀತು? ಅಂಗಡಿಯವನು ಬಾಗಿಲಿನ ಅಳತೆ ಕೇಳಿದ್ದ. ‘ನಿಮಗೇ ಅಂದಾಜಿರುತ್ತಲ್ಲ’ ಎಂದಿದ್ದರು ರಾಯರು.

ಅವರ ಅಡುಗೆಮನೆಯಲ್ಲಿ ಒಂದು ಮಿಕ್ಸಿ ಇದೆ. ವರ್ಷಗಟ್ಟಲೆ ದೋಸೆಹಿಟ್ಟು ರುಬ್ಬಿದರೂ ಒಮ್ಮೆಯೂ ಕೆಮ್ಮಿಲ್ಲ. ಯಾರು ಆರಿಸಿದ್ದು ಎಂದು ಕೇಳಿ ನೋಡಿ. ‘ನಾನೇ! ಅಂಗಡಿಯವನು ಬೇರೆ ಯಾವುದೋ ತೋರಿಸ್ತಿದ್ದ, ನಾನು ಬಗ್ಗಲಿಲ್ಲ’ ಎನ್ನುತ್ತಾರೆ.

ಅಂಗಡಿಯವರಲ್ಲಿ ಒಂದು ಬಿನ್ನಹ. ರಾಯರು ಬಂದರೆ ‘ನಾನೇ ನೋಡಿ ಆರಿಸಿದ್ದೇನೆ’ ಎಂದು ಬಿಲ್ಲಿನ ಹಿಂದೆ ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ. ಪೆನ್ನು ಮಾತ್ರ ಅವರದೇ ಇರಲಿ. ನಿಮ್ಮದು ಕೊಟ್ಟರೆ, ಸಹಿ ಕೆಟ್ಟದ್ದು ಪೆನ್ನಿನಿಂದ ಎಂದಾರು.