ರಾಯರ ಮಿತವ್ಯಯ

ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ವಸ್ತುವನ್ನು ದುಡ್ಡು ಕೊಟ್ಟು ತರುವವನು ದುಂದುಗಾರನೆಂದೂ, ಅದಕ್ಕೆ ಹತ್ತರಷ್ಟು ವೆಚ್ಚ ಮಾಡಿ ಮನೆಯಲ್ಲಿಯೇ ನಿರ್ಮಿಸಿಕೊಳ್ಳುವವನು ಮಿತವ್ಯಯಿಯೆಂದೂ ದೃಢವಾಗಿ ನಂಬಿರುವ ಒಂದು ಪಂಥವು ನಮ್ಮ ಬೆಂಗಳೂರಿನಲ್ಲಿ ಉಂಟು. ಪುರಭವನಕ್ಕೆ ಅನತಿದೂರದ ಎಸ್.ಪಿ. ರಸ್ತೆಯೇ ಇದರ ಪುಣ್ಯಕ್ಷೇತ್ರ. ಅಲ್ಲಿನ ಇಕ್ಕಟ್ಟಾದ ಮಳಿಗೆಗಳಲ್ಲಿ ರೆಸಿಸ್ಟರುಗಳನ್ನು ಕಡಲೆಕಾಯಿಯಂತೆ ಪೊಟ್ಟಣ ಕಟ್ಟಿಸಿಕೊಂಡು ಬರುವ ಭಕ್ತರಲ್ಲಿ ನಮ್ಮ ನೆರೆಮನೆಯ ರಾಯರು ಅಗ್ರಗಣ್ಯರು. ನಿವೃತ್ತರಾದ ಮೇಲೆ ಅವರು ನಿರ್ಮಿಸಿದ ಕರೆಗಂಟೆಯು ಮಳೆ ಬಂದಾಗ ತಾನಾಗಿಯೇ ಬಡಿದುಕೊಳ್ಳುತ್ತದೆ. ಆ ವಿಚಾರ ಇಲ್ಲಿ ಬೇಡ.

ಕಳೆದ ಯುಗಾದಿಯ ಹೊತ್ತಿಗೆ, ಕೈಯಲ್ಲಿ ಹಿಡಿಯಬಹುದಾದ ಲೇಸರೊಂದನ್ನು ಅತ್ಯಲ್ಪ ವೆಚ್ಚದಲ್ಲಿ ಕಟ್ಟಬೇಕೆಂಬ ಸಂಕಲ್ಪವು ಅವರಲ್ಲಿ ಉದಯಿಸಿತು. 1960ರ ಮೇ 16ರಂದು ಕ್ಯಾಲಿಫೋರ್ನಿಯದ ಮಾಲಿಬುವಿನಲ್ಲಿ ಮೈಮನ್ ಎಂಬ ವಿಜ್ಞಾನಿಯು ಜಗತ್ತಿನ ಪ್ರಥಮ ಲೇಸರನ್ನು ಬೆಳಗಿಸಿದುದು ಮಾಣಿಕ್ಯದ ದಂಡವೊಂದರಿಂದ ಎಂದು ನಾನು ಹೇಳಿದೆನಾಗಿ, “ಅದೇ ನೋಡಿ ದುಂದುಗಾರಿಕೆ! ನನಗೆ ಹಳೆಯ ಡಿವಿಡಿ ರೈಟರ್ ಸಾಕು” ಎಂದರು. ಹಳೆಯದೆಂದು ಅವರು ಕರೆದ ಆ ಯಂತ್ರವು ಅಂದು ಬೆಳಗಿನವರೆಗೂ ಅವರ ಮಗಳ ಕಂಪ್ಯೂಟರಿನಲ್ಲಿ ನಿರಾತಂಕವಾಗಿ ಕೆಲಸ ಮಾಡುತ್ತಿದ್ದಿತು.

ಅದರ ಗರ್ಭದಿಂದ ಹೊರಬಂದುದು ಮೆಣಸಿನ ಕಾಳಿನಷ್ಟು ಗಾತ್ರದ ಡಯೋಡು. ಇದು ಕಾದಷ್ಟೂ ಹೆಚ್ಚು ಕರೆಂಟು ಕುಡಿಯುವುದು, ಕುಡಿದಷ್ಟೂ ಮತ್ತಷ್ಟು ಕಾಯುವುದು; ಕಡಿವಾಣವಿಲ್ಲದೆ ಬ್ಯಾಟರಿಗೆ ಜೋಡಿಸಿದೆವೋ, ಕ್ಷಣಾರ್ಧದಲ್ಲಿ ಲೇಸರ್ ಪದವಿಯಿಂದ ಭ್ರಷ್ಟವಾಗಿ, ಮಂಕು ಕೆಂಪುದೀಪವಾಗಿ ಶೇಷಾಯುಷ್ಯವನ್ನು ಕಳೆಯುವುದು. ರಾಯರ ಮೊದಲನೆಯ ಡಯೋಡಿಗೆ ಈ ಗತಿಯೇ ಆಯಿತು. ಅದನ್ನು ಅವರು ‘ಅನುಭವ’ದ ಖಾತೆಗೆ ಬರೆದು, ಗುಜರಿಯಿಂದ ಇನ್ನೊಂದು ರೈಟರನ್ನು ತಂದರು.

ಈ ಸಲ ಕಡಿವಾಣವಾಗಿ ಎಲ್‌ಎಂ317 ಎಂಬ ಮೂರು ಕಾಲಿನ ನಿಯಂತ್ರಕ ಬಂದಿತು. 10 ಓಮಿನ ಎರಡು ರೆಸಿಸ್ಟರುಗಳನ್ನು ಸಮಾಂತರವಾಗಿ ಬೆಸೆದು 5 ಓಮು ಮಾಡಿ, 1.25 ವೋಲ್ಟನ್ನು ಅದರಿಂದ ಭಾಗಿಸಿ, 250 ಮಿಲಿಆಂಪಿಯರಿಗೆ ಗಡಿ ಹಾಕಿದ ಬಗೆಯನ್ನು ಅವರು ಹಾಲಿನವನ ಲೆಕ್ಕದ ಚೀಟಿಯ ಬೆನ್ನಿನ ಮೇಲೆ ನನಗೆ ಬರೆದು ತೋರಿಸಿದರು. ಲೆಕ್ಕ ಸರಿಯಾಗಿಯೇ ಇತ್ತು, ಬೆಳಕು ಮಾತ್ರ ಬರಲಿಲ್ಲ. ಏಕೆಂದರೆ ಈ ನಿಯಂತ್ರಕವು ದಲ್ಲಾಳಿಯ ಹಾಗೆ ತನ್ನ ಪಾಲಿನ ಸುಮಾರು 3 ವೋಲ್ಟನ್ನು ಮುರಿದುಕೊಂಡೇ ಉಳಿದುದನ್ನು ಮುಂದಕ್ಕೆ ಬಿಡತಕ್ಕದ್ದು, 3.7 ವೋಲ್ಟಿನ ಒಂಟಿ ಸೆಲ್ಲಿನಲ್ಲಿ ಉಳಿಯುವುದಾದರೂ ಎಷ್ಟು? ಎರಡನೆಯ ಸೆಲ್ಲು ಬಂದಿತು. ಎರಡು ಸೆಲ್ಲು ಹಿಡಿಸದ ಟಾರ್ಚಿನ ಕವಚ ಹೋಗಿ ಉದ್ದನೆಯದು ಬಂದಿತು.

ಇಷ್ಟರಲ್ಲಿ ಮಗಳು, ಈ ಬಲದ ಕಿರಣವು ರೆಪ್ಪೆ ಮುಚ್ಚುವುದರೊಳಗಾಗಿ ಅಕ್ಷಿಪಟಲವನ್ನು ಸುಡಬಲ್ಲುದೆಂದೂ, ಅಪ್ಪ ಧರಿಸಲು ತೆಗೆದಿಟ್ಟ ಕೂಲಿಂಗ್ ಗ್ಲಾಸಿನಿಂದ ಎಳ್ಳಷ್ಟೂ ರಕ್ಷಣೆಯಿಲ್ಲವೆಂದೂ ಹೇಳಿ, 650 ನ್ಯಾನೋಮೀಟರಿನ ಕೆಂಪನ್ನು ತಡೆಯುವ ಕನ್ನಡಕಗಳನ್ನು ನೋಡುವವರಿಗೆಲ್ಲ ಒಂದೊಂದರಂತೆ ತರಿಸಿದಳು. ಇಡೀ ಉದ್ಯಮದಲ್ಲಿ ವಿವೇಕದ ಕೆಲಸವೆಂದು ನನಗೆ ತೋರಿದುದು ಇದೊಂದೇ. ಉಳಿದೆಲ್ಲ ಸಾಮಗ್ರಿಗಿಂತ ಇವುಗಳ ಬೆಲೆಯೇ ಹೆಚ್ಚು. ಮಗಳು ಕೊಟ್ಟದ್ದು ಉಡುಗೊರೆಯಾದ ಕಾರಣ ಲೆಕ್ಕಕ್ಕೆ ಸೇರದೆಂದು ರಾಯರು ತೀರ್ಪಿತ್ತರು.

ಪ್ರದರ್ಶನದ ಸಂಜೆ, ಕಿಟಕಿ ಬಾಗಿಲುಗಳನ್ನು ಮುಚ್ಚಿ, ಕನ್ನಡಕ ಧರಿಸಿ ನಾವು ನಾಲ್ವರೂ ಕುಳಿತೆವು. ಇಟ್ಟಿಗೆಯ ಸಂದಿನಲ್ಲಿ ನೆಟ್ಟ ಬೆಂಕಿಕಡ್ಡಿಯ ತಲೆಗೆ ಪೆನ್ನಿನಿಂದ ಕಪ್ಪು ಬಳಿದಿದ್ದರು. ರಾಯರು ಮಸೂರವನ್ನು ಕೂದಲೆಳೆಯಷ್ಟು ತಿರುಗಿಸಿದರು, ಮತ್ತೆ ಹಿಂದಕ್ಕೆ ತಿರುಗಿಸಿದರು. ಹೊಗೆಯ ಒಂದು ಎಳೆ ಎದ್ದಿತು, ಮರುಕ್ಷಣ ಕಡ್ಡಿಯು ಭುಗ್ಗೆಂದು ಹೊತ್ತಿಕೊಂಡಿತು. ನನಗೆ ನಿಜವಾಗಿಯೂ ರೋಮಾಂಚನವಾಯಿತು.

“ಅಲ್ಲಾ ಅಂದ್ರೆ, ಪೆಟ್ಟಿಗೆ ಪಕ್ಕದಲ್ಲೇ ಇತ್ತಲ್ಲ, ಗೀರಿದ್ರೆ ಆಗ್ತಿರ್ಲಿಲ್ವೇ?” ಎಂದರು ಅವರ ಮನೆಯವರು.

ರಾಯರಿಗೆ ಈ ಮಾತು ಕೇಳಿಸಲಿಲ್ಲ. ಒಟ್ಟು ವೆಚ್ಚ ಬರಿಯ 180 ರೂಪಾಯಿಯೆಂದು ಸಾರಿ, ಇನ್ನೊಂದನ್ನು ಇದಕ್ಕಿಂತಲೂ ಅಗ್ಗವಾಗಿ ಮಾಡಬಲ್ಲೆನೆಂದು ಹೇಳಿ, ನನ್ನತ್ತ ತಿರುಗಿ ಕೇಳಿದರು:

“ನಿಮ್ಮ ಮನೆಯಲ್ಲಿ ಡಿವಿಡಿ ರೈಟರ್ ಇದೆಯಲ್ಲವೆ?”

“ಇದೆ. ಆದರೆ ಅದು ಕೆಲಸ ಮಾಡುತ್ತಿದೆ” ಎಂದೆ.

“ಅಡ್ಡಿಯಿಲ್ಲ” ಎಂದರು ರಾಯರು.