ಚುಕ್ಕಿ ಇದೆ, ಹೆಸರಿಲ್ಲ

ಆಗುಂಬೆಯ ಮಳೆಗೆ ಗ್ರಾಫ್ ಬರೆಯುವವನು ಪುಣ್ಯವಂತ. ಏಳು ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ, ಹಾಳೆಯ ತುದಿಯಲ್ಲಿ, ಅದರ ಚುಕ್ಕಿ ಒಂಟಿಯಾಗಿ ಕೂತಿರುತ್ತದೆ. ಪಕ್ಕದಲ್ಲಿ ಊರಿನ ಹೆಸರಷ್ಟೇ ಅಲ್ಲ, ತಾಲ್ಲೂಕು, ಜಿಲ್ಲೆ, ಪಿನ್‌ಕೋಡ್ ಎಲ್ಲ ಬರೆದರೂ ಯಾರ ಕಾಲನ್ನೂ ತುಳಿದಂತಾಗುವುದಿಲ್ಲ. ನಮ್ಮ ಅನಂತಪುರ ಸೀಮೆಯ ಕಥೆ ಬೇರೆ. ಇಲ್ಲಿ ವಾಡಿಕೆ ಮಳೆಯೇ ವರ್ಷಕ್ಕೆ ಸುಮಾರು 550 ಮಿಲಿಮೀಟರ್. ಮಳೆರಾಯ ಯಾರಿಗೂ ಹೆಚ್ಚು ಕೊಡದೆ ಸಮಾನತೆ ಕಾಪಾಡಿಕೊಂಡು ಬಂದಿರುವುದರಿಂದ ಹಳೆಯ ಜಿಲ್ಲೆಯ 63 ಮಂಡಲಗಳ 63 ಚುಕ್ಕಿಗಳೂ ಒಂದೇ ಕಡೆ ಗುಂಪುಗೂಡುತ್ತವೆ. ಬರಗಾಲದ ಊರುಗಳಿಗೆ ಗ್ರಾಫಿನಲ್ಲೂ ಜಾಗದ ಬರ.

ರೊದ್ದಂನಲ್ಲಿರುವ ನಮ್ಮ ದೊಡ್ಡಪ್ಪನಿಗೆ ಇಂಥದೊಂದು ಚಿತ್ರ ಬೇಕಾಗಿತ್ತು. ಅಡ್ಡಕ್ಕೆ ಮಳೆ, ಉದ್ದಕ್ಕೆ ಕಡ್ಲೆಕಾಯಿ ಇಳುವರಿ, ಪ್ರತಿ ಚುಕ್ಕಿಯ ಪಕ್ಕ ಮಂಡಲದ ಹೆಸರು. ರೈತರು ಸೇರುವ ಕಡೆ ಗೋಡೆಗೆ ಅಂಟಿಸಲಿಕ್ಕೆ. "ನೀನು ದಿನಾ ಅದೇ ಕೆಲ್ಸ ಮಾಡೋದಲ್ವೇನೋ, ಐದು ನಿಮಿಷದ್ದು" ಎಂದರು. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವರ ಕೆಲಸವೆಲ್ಲ ಐದು ನಿಮಿಷದ್ದೇ ಎಂದು ಊರಿನಲ್ಲಿ ಯಾವತ್ತೋ ತೀರ್ಮಾನವಾಗಿದೆ.

ಚುಕ್ಕಿ ಇಡುವುದು ನಿಜಕ್ಕೂ ಐದು ನಿಮಿಷದ್ದೇ. ಹೆಸರು ಬರೆಯುವುದರಲ್ಲಿದೆ ಪೀಕಲಾಟ. ಆರ್ ಭಾಷೆಯ ಜಿಜಿಪ್ಲಾಟ್‌ಗೆ ಸುಮ್ಮನೆ "ಹೆಸರು ಬರೆ" ಎಂದರೆ ಅದು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತದೆ. ಚೆನ್ನೇಕೊತ್ತಪಲ್ಲಿಯ ಮೇಲೆ ಕನಗಾನಪಲ್ಲಿ, ಅದರ ಮೇಲೆ ಸೋಮಂದೇಪಲ್ಲಿ. ಕೊನೆಗೆ ಕಾಣುವುದು ಮಸಿ ಚೆಲ್ಲಿದ ಹಾಗಿನ ಒಂದು "ಪಲ್ಲಿ" ಮಾತ್ರ. ಒಂದರ ಮೇಲೊಂದು ಬೀಳುವ ಹೆಸರನ್ನು ಬಿಟ್ಟುಬಿಡು ಎನ್ನಲಿಕ್ಕೂ ಅದರಲ್ಲಿ ಒಂದು ಸೌಲಭ್ಯವಿದೆ. ಅದರ ನ್ಯಾಯ ನಮ್ಮ ಬಸ್ಸಿನ ಟವೆಲ್ ನ್ಯಾಯ: ಕಿಟಕಿಯಿಂದ ಮೊದಲು ಟವೆಲ್ ಎಸೆದವನದೇ ಸೀಟು. ಪಟ್ಟಿಯಲ್ಲಿ ಮೊದಲು ಬಂದವರ ಹೆಸರು ಉಳಿಯುತ್ತದೆ, ಹಿಂದೆ ಬಂದವರದು ಹಾರಿಹೋಗುತ್ತದೆ. ಪಟ್ಟಿ ಇದ್ದದ್ದು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ. ಅಗಳಿ, ಅಮರಾಪುರಂ ಆರಾಮಾಗಿ ಕಾಲು ಚಾಚಿ ಕೂತವು. ಪರಿಗಿ, ಪೆನುಕೊಂಡಗಳೂ ಹೇಗೋ ನುಗ್ಗಿದವು. 'ಆರ್' ಬರುವ ಹೊತ್ತಿಗೆ ಬಸ್ಸು ಭರ್ತಿ.

ಚಿತ್ರವನ್ನು ವಾಟ್ಸಾಪಿನಲ್ಲಿ ಕಳಿಸಿದೆ. ಕೂಡಲೇ ಫೋನ್ ಬಂತು.

"ಏನಪ್ಪಾ, ನಮ್ಮೂರ್ನ ಪೆನ್ನೇರು ಕೊಚ್ಕೊಂಡ್ ಹೋಯ್ತಾ?"

"ಚುಕ್ಕಿ ಇದೆ ದೊಡ್ಡಪ್ಪ, ಹೆಸರಿಗೆ ಜಾಗ ಸಿಕ್ಕಿಲ್ಲ."

"ಜಾಗ ಇಲ್ಲ ಅಂತ ಹೆಸ್ರು ತೆಗ್ಯೋದಾದ್ರೆ ನಾಳೆ ರೇಷನ್ ಕಾರ್ಡ್‌ನಾಗೂ ಹಂಗೇ ಮಾಡ್ತಾರೆ ಬಿಡು."

ಪೆನ್ನೇರಿನಲ್ಲಿ ಕೊಚ್ಚಿಕೊಂಡು ಹೋಗುವಷ್ಟು ನೀರು ಅಪರೂಪಕ್ಕೆ ಬರುತ್ತದೆ ಎಂಬುದು ಅವರಿಗೂ ಗೊತ್ತು. ಆದರೆ ಮಾತಿಗೆ ನೀರು ಯಾಕೆ ಬೇಕು?

ಇದಕ್ಕೆಂದೇ ಜಿಜಿರೆಪೆಲ್ ಎಂಬ ಇನ್ನೊಂದು ಪ್ಯಾಕೇಜ್ ಇದೆ. ಕಮಿಲ್ ಸ್ಲೊವಿಕೊವ್‌ಸ್ಕಿ ಬರೆದದ್ದು. ಪೈಥಾನ್‌ನವರಿಗೆ ಇಲ್ಯಾ ಫ್ಲೈಮರ್ ಅವರ ಅಡ್ಜಸ್ಟ್‌ಟೆಕ್ಸ್ಟ್ ಇದೆ. ಹೆಸರುಗಳು ಪರಸ್ಪರ ದೂಡಿಕೊಳ್ಳುತ್ತವೆ, ಚುಕ್ಕಿಗಳೂ ಅವನ್ನು ದೂಡುತ್ತವೆ, ತನ್ನದೇ ಚುಕ್ಕಿ ಮಾತ್ರ ಹೆಸರನ್ನು ಹತ್ತಿರಕ್ಕೆ ಎಳೆಯುತ್ತದೆ. ಹೀಗೆ ಸಾವಿರಾರು ಸುತ್ತು ನೂಕಾಡಿ ಎಲ್ಲರೂ ಎಲ್ಲೋ ಒಂದು ಕಡೆ ನಿಲ್ಲುತ್ತಾರೆ. ದೂರ ಹೋದವರಿಗೆ ತವರಿನ ಗುರುತಾಗಿ ಒಂದು ಸಣ್ಣ ಗೆರೆ. ಆರಂಭದ ಅಲುಗಾಟ ಯಾದೃಚ್ಛಿಕವಾದ್ದರಿಂದ 'ಸೀಡ್' ಎಂಬ ಸಂಖ್ಯೆ ಕೊಡದಿದ್ದರೆ ಪ್ರತಿಸಲವೂ ಊರುಗಳು ಹೊಸ ಜಾಗದಲ್ಲಿರುತ್ತವೆ. ಬೆಳಿಗ್ಗೆ ಎಡಕ್ಕಿದ್ದ ಲೇಪಾಕ್ಷಿ ಸಂಜೆ ಬಲಕ್ಕೆ.

ಗ್ರಾಫಿನ ಜೊತೆ ಒಂದು ನಕ್ಷೆಯೂ ಇರಲಿ ಎಂದು ದೊಡ್ಡಪ್ಪ ಸೇರಿಸಿದ್ದರು. ಅಲ್ಲಿ ಶುರುವಾಯಿತು ಅಂತರರಾಜ್ಯ ಸಮಸ್ಯೆ. ಪಾವಗಡ ತಾಲ್ಲೂಕು ಕರ್ನಾಟಕದ್ದು, ಬಹುಪಾಲು ಆಂಧ್ರದಿಂದಲೇ ಸುತ್ತುವರಿದದ್ದು. ನನ್ನ ಡೇಟಾದಲ್ಲಿ ಅದಿಲ್ಲ, ಹಾಗಾಗಿ ನಕ್ಷೆಯ ಆ ಜಾಗ ಬೆಳ್ಳಗೆ ಖಾಲಿ. ಖಾಲಿ ಜಾಗ ಕಂಡರೆ ಈ ಪ್ಯಾಕೇಜ್ ಬಿಡುತ್ತದೆಯೇ? ರೊದ್ದಂ, ಮಡಕಶಿರಾ, ಗುಡಿಬಂಡ ಎಲ್ಲವನ್ನೂ ಸಾಲಾಗಿ ಪಾವಗಡದೊಳಕ್ಕೆ ತಳ್ಳಿತು. 1956ರಲ್ಲಿ ಆಗದ್ದು ಲ್ಯಾಪ್‌ಟಾಪಿನಲ್ಲಿ ಆಯಿತು: ಮಡಕಶಿರಾ ಕರ್ನಾಟಕಕ್ಕೆ ಸೇರಿತು. ಅಲ್ಲಿ ಮನೆಮಾತು ಕನ್ನಡವಾದ ನಮ್ಮ ನೆಂಟರು ಬಹಳ. ಅವರಿಗೆ ಈ ನಕ್ಷೆ ಭಾರಿ ಹಿಡಿಸಿತು. ನನಗೆ ಹೆದರಿಕೆಯಾಗಿ ಅಳಿಸಿದೆ.

ಹೆಸರನ್ನು ಎಲ್ಲಿಡಬೇಕು ಎನ್ನುವುದು ಸಾಮಾನ್ಯ ಪ್ರಶ್ನೆಯಲ್ಲ. ಸ್ವಿಟ್ಜರ್ಲೆಂಡಿನ ನಕ್ಷೆಗಾರ ಎಡ್ವರ್ಡ್ ಇಮ್‌ಹೋಫ್ 1962ರಲ್ಲೇ ಇದಕ್ಕೊಂದು ಶಾಸ್ತ್ರ ಬರೆದರು. ಚುಕ್ಕಿಯ ಬಲಭಾಗದಲ್ಲಿ ತುಸು ಮೇಲಕ್ಕೆ ಹೆಸರಿಟ್ಟರೆ ಶ್ರೇಷ್ಠ. ಯಾವ ಹೆಸರು ಯಾವ ಚುಕ್ಕಿಯದು ಎಂದು ಓದುವವನಿಗೆ ಅನುಮಾನ ಬರಬಾರದು. ಕೈಯಲ್ಲಿ ಬರೆಯುವವರಿಗೆ ಇದು ಸಾಕಿತ್ತು. ಕಂಪ್ಯೂಟರಿಗೆ ವಹಿಸಿದ ಮೇಲೆ ಲೆಕ್ಕ ಕೈಮೀರಿತು. ಒಂದೊಂದು ಹೆಸರಿಗೆ ನಾಲ್ಕೇ ಜಾಗಗಳ ಆಯ್ಕೆ ಕೊಟ್ಟರೂ 63 ಹೆಸರುಗಳನ್ನು ಜೋಡಿಸುವ ಬಗೆಗಳ ಸಂಖ್ಯೆ 38 ಅಂಕಿಗಳಷ್ಟು ಉದ್ದ. ಇಂಥ ಲೆಕ್ಕಕ್ಕೆ ಯಾವಾಗಲೂ ಬೇಗನೆ ಸರಿಯುತ್ತರ ಕೊಡುವ ದಾರಿ ಯಾರಿಗೂ ತಿಳಿದಿಲ್ಲದ ಕಠಿಣ ಸಮಸ್ಯೆಗಳ ಸಾಲಿಗೇ ಇದೂ ಸೇರಿದ್ದೆಂದು 1991ರಲ್ಲಿ ಸಾಬೀತಾಯಿತು. ಇದನ್ನು ದೊಡ್ಡಪ್ಪನಿಗೆ ವಿವರಿಸಿದೆ. "ಐದು ನಿಮಿಷ ಜಾಸ್ತಿ ಹಿಡಿಯುತ್ತೆ ಅನ್ನು" ಎಂದರು.

ಕನ್ನಡದಲ್ಲಿ ಬರೆಯುವವನಿಗೆ ಇನ್ನೊಂದು ಶಿಕ್ಷೆ ಕಾದಿರುತ್ತದೆ. ಇಂಗ್ಲಿಷ್ ಹೆಸರು ಒಂದು ಗೆರೆಯ ಮೇಲೆ ಶಿಸ್ತಾಗಿ ನಿಲ್ಲುತ್ತದೆ. ನಮ್ಮದಕ್ಕೆ ಒತ್ತಕ್ಷರ ಕೆಳಕ್ಕೆ ಇಳಿಯಬೇಕು, ಗುಡಿಸು ಮೇಲಕ್ಕೆ ಏರಬೇಕು. 'ಬ್ರಹ್ಮಸಮುದ್ರಂ' ಎಂಬ ಒಂದೇ ಹೆಸರಿನಲ್ಲಿ ಮೂರು ಒತ್ತು! ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲೂ ಒಂದು ಕೈ ನೋಡೋಣ ಎಂದುಕೊಂಡೆ. ನನ್ನಲ್ಲಿದ್ದ ಆವೃತ್ತಿಗೆ ಒತ್ತು ಕೂಡಿಸಲಿಕ್ಕೇ ಬಾರದು. 'ರೊದ್‌ದಂ' ಎಂದು ದಕಾರದ ಸೊಂಟ ಮುರಿದು ಪಕ್ಕಕ್ಕೆ ಮಲಗಿಸಿತು. ಕೊನೆಗೆ ಆರ್‌ನಲ್ಲಿ 'ರ‍್ಯಾಗ್' ಎಂಬ ಪ್ಯಾಕೇಜ್ ಮೂಲಕ ಚಿತ್ರ ತೆಗೆದಾಗ ಒತ್ತು ತನ್ನ ಜಾಗಕ್ಕೆ ಬಂತು. ಕನ್ನಡದಲ್ಲಿ ಗ್ರಾಫ್ ಬರೆಯುವವರು ಇದೊಂದನ್ನು ನೆನಪಿಟ್ಟುಕೊಂಡರೆ ಅರ್ಧ ರಾತ್ರಿ ನಿದ್ದೆ ಉಳಿಯುತ್ತದೆ.

ಜಿಜಿರೆಪೆಲ್‌ಗೆ ಒಂದು ಕೆಟ್ಟ ಗುಣವಿದೆ. ಹೆಸರೊಂದು ಹತ್ತಕ್ಕಿಂತ ಹೆಚ್ಚು ಜನರ ಜೊತೆ ಢಿಕ್ಕಿ ಹೊಡೆದರೆ ಅದನ್ನು ಬರೆಯದೆ ಕೈಬಿಟ್ಟು, ಇಷ್ಟು ಚುಕ್ಕಿಗಳಿಗೆ ಹೆಸರಿಲ್ಲ ಎಂದು ಕೆಳಗೆ ಒಂದು ಸಾಲಿನ ಎಚ್ಚರಿಕೆ ಕೊಡುತ್ತದೆ. ಮಿತಿಯನ್ನು ಅನಂತ ಎಂದು ಬದಲಿಸಬಹುದು. ಬದಲಿಸಿದೆ. 63 ಹೆಸರೂ ಬಂದವು, ಜೊತೆಗೆ 63 ಗೆರೆಗಳು. ಯಾರ ಹೆಸರೂ ಯಾರ ಮೇಲೂ ಇಲ್ಲ, ಯಾವುದು ಯಾರದೆಂದೂ ಗೊತ್ತಾಗುವುದಿಲ್ಲ.

ಆಗ ನೆನಪಾಯಿತು: ಸರ್ಕಾರ ಇದಕ್ಕೆ ಎಂದೋ ಉಪಾಯ ಹುಡುಕಿದೆ. 2022ರ ಏಪ್ರಿಲ್ 4ರಂದು ಜಿಲ್ಲೆಯನ್ನೇ ಎರಡು ಮಾಡಿ 31 ಮಂಡಲಗಳನ್ನು ಅನಂತಪುರಕ್ಕೂ 32ನ್ನು ಶ್ರೀ ಸತ್ಯಸಾಯಿ ಜಿಲ್ಲೆಗೂ ಕೊಟ್ಟಿತು. ನಾನೂ ಚಿತ್ರವನ್ನು ಎರಡು ಮಾಡಿದೆ. ಕಲ್ಯಾಣದುರ್ಗ ಒಂದರಲ್ಲಿ, ಹಿಂದೂಪುರ ಇನ್ನೊಂದರಲ್ಲಿ. ಆಡಳಿತದ ಅನುಕೂಲ ಏನೋ ಗೊತ್ತಿಲ್ಲ, ಗ್ರಾಫಿನ ಅನುಕೂಲವಂತೂ ಖಂಡಿತ.

ಅಷ್ಟಾದರೂ ಎಲ್ಲರಿಗೂ ಹೆಸರು ಕೊಡಲಾಗದು. ಕೊಡಲೂಬಾರದು ಎಂಬುದು ನನ್ನ ಅಭಿಪ್ರಾಯ. ಹೇಳಬೇಕಾದ ಮಾತಿಗೆ ಬೇಕಾದವರಿಗೆ ಹೆಸರು, ಉಳಿದವರಿಗೆ ಖಾಲಿ ಉದ್ಧರಣ ಚಿಹ್ನೆ. ಖಾಲಿ ಇಟ್ಟರೂ ಅವರ ಚುಕ್ಕಿಯ ಮೇಲೆ ಬೇರೆಯವರ ಹೆಸರು ಬಂದು ಕೂರದಂತೆ ಪ್ಯಾಕೇಜ್ ನೋಡಿಕೊಳ್ಳುತ್ತದೆ. ಆ ಮಟ್ಟಿಗೆ ಅದು ಮರ್ಯಾದಸ್ಥ. ಮಳೆ ತೀರಾ ಕಡಿಮೆಯಾದ ಮಂಡಲಗಳು, ಇಳುವರಿಯಲ್ಲಿ ಸಾಲು ಬಿಟ್ಟು ನಿಂತವು, ಎರಡು ಜಿಲ್ಲಾ ಕೇಂದ್ರಗಳು, 1565ರ ನಂತರ ವಿಜಯನಗರದ ರಾಜಧಾನಿಯಾಗಿದ್ದ ಹಳೇ ದೌಲತ್ತಿನ ಮೇಲೆ ಪೆನುಕೊಂಡ. ರೊದ್ದಂ ಯಾವ ಲೆಕ್ಕದಲ್ಲಿ? ಮಳೆಯಲ್ಲೂ ನಡುವೆ, ಇಳುವರಿಯಲ್ಲೂ ನಡುವೆ. ದೊಡ್ಡಪ್ಪನನ್ನೇ ಕೇಳಿದೆ. "ವಿಮಾನದ ವಿಜ್ಞಾನಿ ರೊದ್ದಂ ನರಸಿಂಹ ಹೆಸ್ರಿನ ಮುಂದೆ ಇಲ್ವೇನೋ? ಅವರು ಹೆಸ್ರಿಗೆ ಜಾಗ ಕೊಟ್ರು, ನಿನ್ ಕೈಲಿ ಆಗಲ್ವಾ?" ಎಂದರು. ಇಂಥ ವಾದಕ್ಕೆ ಯಾವ ಪ್ಯಾಕೇಜಿನಲ್ಲೂ ಉತ್ತರವಿಲ್ಲ. ರೊದ್ದಂ ಬಂತು, ದಪ್ಪ ಅಕ್ಷರದಲ್ಲಿ.

ಈಗ ಗುಡಿಬಂಡದ ಅತ್ತೆ, ಕುಂದುರ್ಪಿಯ ಭಾವ ಎಲ್ಲರೂ ತಮ್ಮ ಊರು ಕೇಳುತ್ತಿದ್ದಾರೆ. ನಿಮ್ಮ ಊರೂ ಬೇಕಿದ್ದರೆ ದಯವಿಟ್ಟು ಮೊದಲೇ ಹೇಳಿಬಿಡಿ. ಆಮೇಲೆ ಒಂದು ಹೆಸರು ಸೇರಿಸಿದರೂ ಉಳಿದವರೆಲ್ಲ ಎದ್ದು ಜಾಗ ಬದಲಿಸುತ್ತಾರೆ, ಮತ್ತೆ ಅಷ್ಟೂ ಜನರ ಫೋನು ನನಗೇ ಬರುತ್ತದೆ.